ಗಗನಹಳ್ಳಿಗೆ ನನ್ನ ತಪಾಸಣಾ ವರದಿ

ವಿಮಾನದ ಬಿಡಿಭಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿದುಹಾಕುತ್ತಿದ್ದವನು ನಾನು. ನಿವೃತ್ತಿಯಾದ ಮೇಲೆ ಆ ವಿದ್ಯೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಬದನೆಕಾಯಿಗಳನ್ನು ತಿರುಗಿಸಿ ನೋಡುವುದಕ್ಕಷ್ಟೇ ಉಳಿದಿತ್ತು. ತರಕಾರಿಯವಳು ನನ್ನನ್ನು ಕಂಡರೆ ಗಾಡಿಗೆ ಗೋಣಿ ಮುಚ್ಚುತ್ತಿದ್ದಳು. ಹೀಗಿರುವಾಗ ನಮ್ಮ ಮಹಡಿಯ ಬಾಡಿಗೆ ರೂಮಿನ ಶಿವಲೀಲಾ ಬಂದು, "ಅಂಕಲ್, ನಮ್ಮ ಆಟ ಆಡಿ ನೋಡಿ ಅಭಿಪ್ರಾಯ ಬರೀರಿ" ಎಂದಳು. ಸರಿಯಾದ ಮನುಷ್ಯನ ಬಳಿಗೇ ಬಂದಿದ್ದಾಳೆ ಎಂದು ನನಗೆ ಎದೆಯುಬ್ಬಿತು.

ಶಿವಲೀಲಾ ಸಿಂಧನೂರಿನ ಕಡೆಯವಳು. ಇಬ್ಬರು ಗೆಳತಿಯರ ಜೊತೆ ಸೇರಿ 'ಗಗನಹಳ್ಳಿ' ಎಂಬ ವಿಡಿಯೋ ಗೇಮ್ ಮಾಡಿದ್ದಳು. ಮುಂದಿನ ಕಾಲದ ಕಥೆ. ಆಕಾಶದಲ್ಲಿ ತೇಲುವ ಒಂದು ಊರು. ಚಂದ್ರಿ ಎಂಬ ಹುಡುಗಿ ಒಂದು ಕೋಣೆಯಲ್ಲಿ ಕಣ್ಣು ಬಿಡುತ್ತಾಳೆ. ಊರು ಕೆಳಗೆ ಬೀಳುವ ಮೊದಲು ಅವಳು ಅದರ ಯಂತ್ರ ಸರಿಮಾಡಬೇಕು. ಇಲ್ಲಿ ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ. ಪರದೆಯ ಮೇಲಿನ ವಸ್ತುಗಳನ್ನು ಮೌಸಿನಿಂದ ಒತ್ತುತ್ತಾ ಹೋದರಾಯಿತು. ನನ್ನ ಮಂಡಿನೋವಿಗೆ ಹೇಳಿ ಮಾಡಿಸಿದ ಆಟ!

"ಆಟ ಮಾರ್ಕೆಟ್ಟಿಗೆ ತರೋ ಒಬ್ರು ಮೇಡಂ ಬರೋ ತಿಂಗಳು ಇಂದಿರಾನಗರಕ್ಕ ಬರ್ತಾರ್ರಿ. ಆಡಿದವರ ಅಭಿಪ್ರಾಯ ಕೇಳೇ ಅವರು ಹೂಂ ಅಂತಾರೋ, ಉಹೂಂ ಅಂತಾರೋ. ಉಹೂಂ ಅಂದ್ರ ಎರಡು ವರ್ಷದ ದುಡಿಮಿ ನೀರಾಗ ಹೋದಂಗರಿ" ಎಂದಳು ಶಿವಲೀಲಾ.

"ನಾನಿದ್ದೀನಲ್ಲಮ್ಮಾ!" ಎಂದೆ. ಪಾಪ, ಅವಳು ನಂಬಿಬಿಟ್ಟಳು.

ಆಟ ಶುರುವಾಯಿತು. ಕೋಣೆಯಲ್ಲಿ ಮಂಚ, ಕಿಟಕಿ, ಒಂದು ಹೂಕುಂಡ. ಜೊತೆಗೆ ಸ್ಪ್ಯಾನರ್, ಬೀರು ಮತ್ತು ಬಾಗಿಲ ಹಿಡಿ. ಈ ಮೂರಕ್ಕೂ ಕೆಂಪು ಚೀಟಿ ತೂಗುತ್ತಿತ್ತು. ನನಗೆ ಆನಂದವಾಯಿತು. ಹುಡುಗಿಗೆ ಕಾರ್ಖಾನೆಯ ಶಿಸ್ತು ಗೊತ್ತಿದೆ! ನಮ್ಮ ತಪಾಸಣಾ ವಿಭಾಗದಲ್ಲಿ ಕೆಂಪು ಚೀಟಿ ಎಂದರೆ ತಿರಸ್ಕೃತ ಮಾಲು. ಅದನ್ನು ಜನರಲ್ ಮ್ಯಾನೇಜರೂ ಮುಟ್ಟುವಂತಿರಲಿಲ್ಲ. ನಾನೂ ಮುಟ್ಟಲಿಲ್ಲ.

ಉಳಿದದ್ದನ್ನೆಲ್ಲ ಶ್ರದ್ಧೆಯಿಂದ ಒತ್ತಿದೆ. ಕಿಟಕಿ ಒತ್ತಿದರೆ ಚಂದ್ರಿ, "ಎಷ್ಟು ಕತ್ತಲೆ!" ಎನ್ನುತ್ತಾಳೆ. ಮಂಚ ಒತ್ತಿದರೆ, "ನಿದ್ದೆ ಸಾಕು" ಎನ್ನುತ್ತಾಳೆ. ಸುಮ್ಮನೆ ಕೂತರೆ, "ಇಲ್ಲಿಂದ ಹೊರಗೆ ಹೋಗ್ಬೇಕು" ಎಂದು ನಿಟ್ಟುಸಿರು ಬಿಡುತ್ತಾಳೆ. ಆಹಾ, ಎಂಥ ತತ್ವ! ಮುಂದಿನ ಕಾಲದ ಮನುಷ್ಯನ ಒಂಟಿತನವನ್ನು ಈ ಹುಡುಗಿ ಎಷ್ಟು ಚೆನ್ನಾಗಿ ಹಿಡಿದಿದ್ದಾಳೆ ಎಂದು ವರದಿಗೆ ಗುರುತು ಹಾಕಿಕೊಂಡೆ.

ದಿನಗಳು ಕಳೆದವು. ನನ್ನ ಹೆಂಡತಿ ಗಿರಿಜಾ ಕಾಫಿ ತಂದವಳು ಪರದೆಯೊಳಗೆ ಇಣುಕಿದಳು. "ರೀ, ಇನ್ನೂ ಅದೇ ರೂಮಲ್ಲೇ ಇದ್ದೀರಾ?"

"ಇದು ಆಳವಾದ ಆಟ ಕಣೇ. ನಿನಗೆ ಅರ್ಥ ಆಗಲ್ಲ."

"ಆ ಬಾಗಿಲು ತೆಗೀಬಾರ್ದಾ?"

"ಕೆಂಪು ಚೀಟಿ ಇದೆ!" ಎಂದು ಗದರಿದೆ. ಅವಳು ಹಣೆ ಚಚ್ಚಿಕೊಂಡು ಹೋದಳು.

ಇಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಆಟಗಾರರು ಅಭಿಪ್ರಾಯ ಬರೆಯುವ ಪುಟಕ್ಕೆ ಹೋದೆ. ಅಲ್ಲಿ ಒಬ್ಬ, "ರೋಬೋ ಆಟೋ ಡ್ರೈವರ್ ಆಕಾಶದಲ್ಲೂ ಕೆ.ಆರ್. ಪುರಂಗೆ ಬರಲ್ಲ ಅಂತಾನೆ, ಸೂಪರ್ ಮಗಾ!" ಎಂದು ಬರೆದಿದ್ದ. ಇನ್ನೊಬ್ಬಳಿಗೆ ಮೋಡದ ಸಂತೆ ಇಷ್ಟವಾಗಿತ್ತಂತೆ. ನನಗೆ ಮೈ ಉರಿಯಿತು. ಎಲ್ಲಿಯ ಆಟೋ? ಎಲ್ಲಿಯ ಸಂತೆ? ಆಟ ಆಡದೆಯೇ ಹೊಗಳುವ ಇಂಥ ಕಳ್ಳರಿಂದಲೇ ಶಿವಲೀಲಾಳ ಹೆಸರು ಕೆಡುತ್ತದೆ!

ಒಬ್ಬೊಬ್ಬರಿಗೂ ಉತ್ತರ ಬರೆದೆ: "ಮಾನ್ಯರೇ, ಸದರಿ ಆಟದಲ್ಲಿ ಆಟೋ ಇರುವುದಿಲ್ಲ. ಖುದ್ದಾಗಿ ಪರಿಶೀಲಿಸಿದ್ದೇನೆ. ಸುಳ್ಳು ಹೇಳಿಕೆಗಳನ್ನು ಕೂಡಲೇ ಹಿಂಪಡೆಯತಕ್ಕದ್ದು."

ಆದರೂ ಎರಡನೆಯವರ ಸಹಿ ಇಲ್ಲದೆ ಯಾವ ತಪಾಸಣೆಯೂ ಪೂರ್ತಿಯಾಗುವುದಿಲ್ಲ. ಹಲಸೂರಿನಲ್ಲಿರುವ ಸೆಲ್ವಂಗೆ ಆಟ ಕಳಿಸಿದೆ. ಆತ ನಮ್ಮ ವಿಭಾಗದಲ್ಲೇ ನನ್ನ ಪಕ್ಕದ ಮೇಜಿನಲ್ಲಿದ್ದವನು. ಎರಡು ದಿನಕ್ಕೆ ಫೋನ್ ಬಂತು.

"ಒಂದೇ ರೂಮು ಸಾರ್! ಮೂರು ಐಟಂ ರಿಜೆಕ್ಟ್. ಬಾಕಿ ಎಲ್ಲಾ ಓಕೆ."

"ಆಟೋ?"

"ಆಟೋನೂ ಇಲ್ಲ, ಒಂದು ಸೈಕಲ್ಲೂ ಇಲ್ಲ. ನಮ್ ಕಣ್ಣು ತಪ್ಪತ್ತಾ ಸಾರ್?"

ತಪ್ಪುವುದುಂಟೇ! ಇಬ್ಬರೂ ಸೇರಿ ಜಂಟಿ ಅಭಿಪ್ರಾಯ ಸಿದ್ಧಪಡಿಸಿದೆವು.

ಇಂದಿರಾನಗರದ ಸಭಾಂಗಣ ತುಂಬಿತ್ತು. ನನ್ನ ಜೊತೆ ಬಂದಿದ್ದ ಗಿರಿಜಾ, ಸೆಲ್ವಂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಆ ಮೇಡಂ. ಪಕ್ಕದಲ್ಲಿ ಶಿವಲೀಲಾ ದುಪಟ್ಟಾದ ತುದಿಯನ್ನು ಹಿಂಡುತ್ತಿದ್ದಳು. ಆಟ ಆಡಿ ಬಂದಿದ್ದ ಹುಡುಗರೆಲ್ಲ ಆಟೋ, ಸಂತೆ ಎಂದು ಹೊಗಳಿ ಕೂತ ಮೇಲೆ ನಾನು ಎದ್ದು ಗಂಟಲು ಸರಿಮಾಡಿಕೊಂಡೆ.

"ಈ ಕೋಣೆಯ ಕೆಲಸ ಅಚ್ಚುಕಟ್ಟಾಗಿದೆ. ಕಿಟಕಿಯಾಚೆಯ ಕತ್ತಲೆ ಎಷ್ಟು ನೋಡಿದರೂ ಬೇಸರವಾಗುವುದಿಲ್ಲ. ಆದರೆ ಕೋಣೆಯ ಹೊರಗೆ ಏನೂ ಇಲ್ಲ! ಇವರೆಲ್ಲ ಸುಳ್ಳು ಹೇಳುತ್ತಿದ್ದಾರೆ!"

ಶಿವಲೀಲಾಳ ಮುಖ ಬಿಳುಚಿಕೊಂಡಿತು. "ಬಂದು ಆಡಿ ತೋರಿಸ್ತೀರಾ ಸರ್?" ಎಂದರು ಮೇಡಂ. ಸಂತೋಷದಿಂದ ವೇದಿಕೆ ಹತ್ತಿದೆ. ದೊಡ್ಡ ಪರದೆಯ ಮೇಲೆ ಕಿಟಕಿ ಒತ್ತಿದೆ, ಮಂಚ ಒತ್ತಿದೆ, ಹೂಕುಂಡ ಒತ್ತಿದೆ. ಕೈಕಟ್ಟಿ ನಿಂತೆ.

"ಆ ಸ್ಪ್ಯಾನರ್ ತಗೊಳ್ಳಿ" ಎಂದರು ಮೇಡಂ.

"ಮುಟ್ಟೋ ಹಾಗಿಲ್ಲ ಮೇಡಂ. ರಿಜೆಕ್ಟ್ ಆಗಿದೆ."

"ಯಾರು ರಿಜೆಕ್ಟ್ ಮಾಡಿದ್ದು?"

ಈ ಪ್ರಶ್ನೆಯನ್ನು ನಾನು ಯೋಚಿಸಿರಲೇ ಇಲ್ಲ!

ಶಿವಲೀಲಾ ಮೆಲ್ಲಗೆ ಎದ್ದಳು. "ಅಂಕಲ್, ಒತ್ತೋ ಸಾಮಾನು ಯಾವುದಂತ ತೋರಿಸಾಕ ಆ ಚೀಟಿ ಹಾಕೀವ್ರಿ..."

ಅಷ್ಟರಲ್ಲಿ ಗಿರಿಜಾ ವೇದಿಕೆ ಹತ್ತಿ ನನ್ನ ಕೈಯಿಂದ ಮೌಸ್ ಕಿತ್ತುಕೊಂಡಿದ್ದಳು. ಸ್ಪ್ಯಾನರ್ ಒತ್ತಿದಳು, ಬಾಗಿಲ ಹಿಡಿ ಒತ್ತಿದಳು. ಬಾಗಿಲು ಸರ್ರನೆ ತೆರೆಯಿತು. ಹೊರಗೆ ಮೋಡದ ಸಂತೆ, ದೀಪಗಳು, ಜನಜಂಗುಳಿ. ಎದುರಿಗೇ ಒಂದು ರೋಬೋ ಆಟೋ! ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಸೆಲ್ವಂ ಬಗ್ಗಿ ಚಪ್ಪಲಿ ಹುಡುಕತೊಡಗಿದ. ನನಗೆ ನನ್ನ ಮರ್ಯಾದೆ ಹೋದದ್ದಕ್ಕಿಂತ ಆ ಹುಡುಗಿಯ ಕೆಲಸ ಕೆಡಿಸಿದೆನಲ್ಲಾ ಎಂಬುದೇ ದೊಡ್ಡ ಚಿಂತೆಯಾಯಿತು.

ಮೇಡಂ ನಗು ತಡೆದುಕೊಂಡು ಹೇಳಿದರು: "ಏನೂ ನಡೆಯದ ಒಂದು ರೂಮಲ್ಲಿ ಇವ್ರು ಇಷ್ಟು ದಿನ ಖುಷಿಯಾಗಿ ಕೂತಿದ್ದಾರೆ ಅಂದ್ರೆ ಆ ರೂಮನ್ನ ಚೆನ್ನಾಗಿ ಮಾಡಿದ್ದೀರಾ ಅಂತ ಅರ್ಥ. ಆಟ ನಾವು ತಗೋತೀವಿ. ಆದ್ರೆ ಚೀಟಿ ಬಣ್ಣ ಬದಲಾಯಿಸಿ!"

ಶಿವಲೀಲಾ ಗೆಳತಿಯರನ್ನು ತಬ್ಬಿಕೊಂಡು ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ಮನೆಗೆ ಬರುವಷ್ಟರಲ್ಲಿ, ಒಟ್ಟಿನಲ್ಲಿ ಆಟ ಗೆದ್ದದ್ದು ನನ್ನ ಅಭಿಪ್ರಾಯದಿಂದಲೇ ಎಂಬ ತೀರ್ಮಾನಕ್ಕೂ ಬಂದಿದ್ದೆ.

ಅದಕ್ಕೆ ಪುರಾವೆಯೂ ಸಿಕ್ಕಿತು. ಮೊನ್ನೆ ಶಿವಲೀಲಾ ತನ್ನ ಎರಡನೆಯ ಆಟವನ್ನು ಎಲ್ಲರಿಗಿಂತ ಮೊದಲು ನನಗೇ ತಂದುಕೊಟ್ಟಳು. ಗಿರಿಜಾಗೂ ಕೇಳಲಿ ಎಂದು ಗಟ್ಟಿಯಾಗಿ ಕೇಳಿದೆ, "ನನಗೇ ಯಾಕಮ್ಮಾ ಮೊದಲು?"

"ನಾವು ಮೂರೂ ಮಂದಿ ಕೂತು ವಿಚಾರ ಮಾಡೇ ತಂದೀವ್ರಿ ಅಂಕಲ್" ಎಂದಳು ಆ ಹುಡುಗಿ ಬಹಳ ಗೌರವದಿಂದ. "ನಿಮಗ ತಿಳೀತು ಅಂದ್ರ, ಯಾರಿಗೆ ಬೇಕಾದ್ರೂ ತಿಳಿತೈತ್ರಿ."