ತುರಮರಿಯವರ ಶಾಲು

ಸಾವಧಾನ, ಮಹಾಜನರೇ, ಸಾವಧಾನ! ಚಪ್ಪಲಿಯೇಟೊಂದೇ ಗತಿಯಾಗಿದ್ದ ಹುಳಹುಪ್ಪಟೆಗಳಿಗೂ ಫೋಟೊ ತೆಗೆಸಿಕೊಳ್ಳುವ ಭಾಗ್ಯ ಒದಗಿದ ಮೊಬೈಲುಯುಗದ ಪ್ರಥಮಪಾದದಲ್ಲಿ, ಬೈಲಹೊಂಗಲದ ಬಜಾರಿನಲ್ಲಿ, ಕೌಶೇಯಶಾಟಿಕಾಶಿಖರಮಧ್ಯವಿರಾಜಮಾನರೂ, ದಪ್ಪಗಾಜುಕನ್ನಡಕಮಂಡಿತವದನರೂ, ಗಿರಾಕಿಜನಮನೋಹಾರಿಗಳೂ ಆದ ರೇಷ್ಮೆ ವ್ಯಾಪಾರಿ ಸಂಗನಬಸಪ್ಪ ತುರಮರಿಯವರು ಹೂಡಿದ ಘೋರಸಮರವನ್ನು ಬಣ್ಣಿಸಲು ಹೊರಟಿದ್ದೇನೆ. ಷಟ್ಪಾದಕುಲದ ಸಮಸ್ತ ದೇವತೆಗಳು ನನ್ನ ನಾಲಿಗೆಯ ಮೇಲೆ ನೆಲೆಸಲಿ. ಬೇಡ, ನಾಲಿಗೆಯ ಮೇಲೆ ಬೇಡ; ಪಕ್ಕದಲ್ಲಿ ಎಲ್ಲಾದರೂ ಕೂತರೆ ಸಾಕು.

ಯುದ್ಧಕ್ಕೆ ಕಾರಣ ಊರ ಕಾಲೇಜು. ಜನರಿಗೆ ಹುಳಗಳ ಪರಿಚಯವಾಗಲೆಂದು ಅಲ್ಲಿಯವರು ಒಂದು ಆ್ಯಪ್ ಹಂಚಿದ್ದರು. ಫೋಟೊ ಹಾಕಿದರೆ ಅದು ಹುಳದ ಹೆಸರು, ಗುಣ, ಸಿಕ್ಕ ಜಾಗ ಎಲ್ಲವನ್ನೂ ಊರಿಗೆ ತೋರಿಸುತ್ತಿತ್ತು. ಯಾರ ಜಾಗದ ಹುಳವೋ ಅವರದೇ ಲೆಕ್ಕ. ಹದಿನೈದು ದಿನದಲ್ಲಿ ಅತಿ ಹೆಚ್ಚು ಬಗೆಯ ಹುಳ ಗುರುತಿಸಿದವರಿಗೆ 'ಕೀಟಮಿತ್ರ' ಎಂಬ ಬಿರುದು, ಹಾರ, ಶಾಲು. ಶಾಲು ಮಾರುವವರಿಗೆ ಶಾಲಿನ ಆಸೆಯೇ ಎಂದು ನಗಬೇಡಿ. ಇಪ್ಪತ್ತೆರಡು ವರ್ಷ ಊರಿನ ಸನ್ಮಾನಗಳಿಗೆಲ್ಲ ತುರಮರಿಯವರ ಅಂಗಡಿಯಿಂದಲೇ ಶಾಲು ಹೋಗಿತ್ತು. ಅವರ ಹೆಗಲಿಗೆ ಮಾತ್ರ ಒಂದೂ ಬಿದ್ದಿರಲಿಲ್ಲ. ಪಾಪ, ಆ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಕೊನೆಯ ದಿನ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ತುರಮರಿಯವರ ಬತ್ತಳಿಕೆಯಲ್ಲಿ ಮೂವತ್ತಾರು ಹುಳ. ಪಕ್ಕದಂಗಡಿಯ ಪಾತ್ರೆ ವ್ಯಾಪಾರಿ, ಕೊಪ್ಪರಿಗೆಕೊಳಗಕೋಟಾಧೀಶ್ವರ ಕಾಶೀನಾಥ ಕಂಚಗಾರರ ಬತ್ತಳಿಕೆಯಲ್ಲೂ ಮೂವತ್ತಾರು. ಹನ್ನೊಂದೂಮುಕ್ಕಾಲಿಗೆ ಎರಡಂಗಡಿಗಳ ನಡುಗೋಡೆಯ ಮೇಲೆ ಎಳ್ಳುಕಾಳಿನಷ್ಟು ದೊಡ್ಡದಾದ ಒಂದು ಹುಳ ಪ್ರತ್ಯಕ್ಷವಾಯಿತು. ಬೆನ್ನ ಮೇಲೆ ಬಿಳಿ, ಕಂದು, ಕಪ್ಪಿನ ಚಿತ್ತಾರ. ಇಬ್ಬರೂ ಅಂಥದನ್ನು ಪಟ್ಟಿಗೆ ಸೇರಿಸಿರಲಿಲ್ಲ. ಎರಡು ಮೊಬೈಲುಗಳು ಏಕಕಾಲಕ್ಕೆ ಮೇಲೆದ್ದವು.

"ಮೊಬೈಲ್ ಕೆಳಗ ಇಳಸ್ರಿ ತುರಮರಿಯವ್ರ," ಎಂದರು ಕಂಚಗಾರರು. "ಈ ಗ್ವಾಡಿ ಕಟ್ಟಿಸಿದಾಂವ ನಮ್ಮಪ್ಪ."

ಬಜಾರು ಸ್ತಬ್ಧವಾಯಿತು. ಬಾಳೆಹಣ್ಣಿನ ಗಾಡಿ ನಿಂತಿತು. ಮಗಳ ಮದುವೆ ಜವಳಿಯನ್ನು ಹಿಂದಿನ ದಿನವಷ್ಟೇ ಈ ರೇಷ್ಮೆ ಅಂಗಡಿಯಿಂದ ಒಯ್ದು, ಬ್ಲೌಸ್‌ ಪೀಸ್ ಬದಲಿಸಲು ಬಂದಿದ್ದ ನೀಲಗಂಗಮ್ಮನವರೂ ಮೆಟ್ಟಿಲ ಮೇಲೆ ನಿಂತರು. ಆಗ ತುರಮರಿಯವರು ಧೋತರದ ಚುಂಗನ್ನು ಮೇಲಕ್ಕೆ ಸಿಕ್ಕಿಸಿ, ಪ್ರಳಯಕಾಲಮೇಘಗಂಭೀರಸ್ವರದಲ್ಲಿ ನುಡಿದರು:

"ಗ್ವಾಡಿ ನಿಮ್ಮದಿರಲಿ, ಹುಳಾ ನಮ್ಮದು. ನಮ್ಮ ಅಂಗಡ್ಯಾಗ ಹುಟ್ಟಿ, ನಮ್ಮ ಕಪಾಟಿನಾಗ ಉಂಡುಟ್ಟು ಬೆಳದೈತಿ. ನಿಮ್ಮಲ್ಲೆ ಏನ್ ತಿಂದು ಬದುಕಬೇಕ್ರಿ ಅದು, ಸ್ಟೀಲ್ ಡಬ್ಬಿನಾ?"

"ಸಾಕ್ಷಿ ಏನೈತಿ?"

ಸಾಕ್ಷಿಯೇ? ವೀರ ತುರಮರಿಯವರು ಒಳಗೆ ನುಗ್ಗಿದರು. ಕೆಳಗಿನ ಕಪಾಟನ್ನು ಧಡಾರನೆ ತೆರೆದರು. ಶಾಲುಗಳ ಗಂಟಿನ ಮೇಲೆ ಅದೇ ಚಿತ್ತಾರದ ಒಂದು, ಎರಡು, ಏಳು! "ನೋಡ್ರಿ, ಇವೆಲ್ಲಾ ಅದರ ಅಣ್ಣತಮ್ಮರು. ಇಡೀ ಮನೆತನಾನೇ ನಮ್ಮಲ್ಲಿ ಐತಿ."

ಜನ ತಲೆದೂಗಿದರು. ಕಂಚಗಾರರು ಮೊಬೈಲು ಇಳಿಸಿ, ಜೋಲುಮೋರೆ ಹಾಕಿಕೊಂಡು ಕೊಳಗಗಳ ನಡುವೆ ಮರೆಯಾದರು. ಗಡುವಿಗೆ ಎರಡು ನಿಮಿಷ ಇರುವಾಗ ತುರಮರಿಯವರು ಗುಂಡಿ ಒತ್ತಿದರು. 'ಕಾರ್ಪೆಟ್ ಬೀಟಲ್' ಎಂದಿತು ಆ್ಯಪ್. ಕೆಳಗೆ ಇನ್ನೂ ನಾಲ್ಕು ಸಾಲುಗಳಿದ್ದವು. ಗೆದ್ದವರು ಅದನ್ನೆಲ್ಲ ಓದುತ್ತಾ ಕೂರುತ್ತಾರೆಯೇ?

ಸಂಜೆ ಕಾಲೇಜಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರಾಣಿಶಾಸ್ತ್ರದ ಮೇಡಂ ವಿಜೇತರ ಮೂವತ್ತೇಳನೆಯ ಹುಳದ ವಿವರವನ್ನು ಮೈಕಿನಲ್ಲಿ ಓದಿದರು: "ಇದರ ಮರಿಹುಳುಗಳು ರೇಷ್ಮೆ, ಉಣ್ಣೆ ತಿಂದು ಬೆಳೆಯುತ್ತವೆ. ಸಿಕ್ಕ ಜಾಗ, ಬಜಾರ ರಸ್ತೆ, ತುರಮರಿಯವರ ಅಂಗಡಿ." ಚಪ್ಪಾಳೆ ಅರ್ಧಕ್ಕೇ ನಿಂತಿತು. ಮೂರನೆಯ ಸಾಲಿನಿಂದ ನೀಲಗಂಗಮ್ಮ ಎದ್ದು ಸರಸರ ಮನೆಗೆ ನಡೆದರು. ಅವರ ಹಿಂದೆ ಇನ್ನೊಬ್ಬರು, ಆಮೇಲೆ ಒಂದಿಡೀ ಸಾಲು ಹೆಂಗಸರು.

ಅಷ್ಟರಲ್ಲಿ ಪ್ರಾಂಶುಪಾಲರು ಶಾಲು ಬಿಡಿಸಿದರು. ಎಂದಿನಂತೆ ತುರಮರಿಯವರ ಅಂಗಡಿಯ ಕೆಳಗಿನ ಕಪಾಟಿನಿಂದಲೇ ಬಂದ ಉಣ್ಣೆ ಶಾಲು. ದೀಪದ ಬೆಳಕು ಅದರೊಳಗಿಂದ ಹನ್ನೆರಡು ಕಡೆ ತೂರಿ ಬಂದು ವೀರರ ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಬಿತ್ತು. ಇಪ್ಪತ್ತೆರಡು ವರ್ಷ ಕಾದ ಹೆಗಲು ಅದನ್ನು ಹೊದ್ದುಕೊಂಡಿತು. ತೆಗೆಯಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲು ಮುಖವಿರಲಿಲ್ಲ.

ವೇದಿಕೆಯಿಂದ ಇಳಿದಾಗ ಕಂಚಗಾರರು ಎದುರಾದರು. ತುರಮರಿಯವರು ಮೆಲ್ಲಗೆ ಹೇಳಿದರು: "ಕಾಶೀನಾಥವ್ರ, ವಿಚಾರ ಮಾಡಿದೆ. ಗ್ವಾಡಿ ನಿಮ್ಮಪ್ಪಂದು. ಹುಳಾ ನೀವೇ ಇಟ್ಕೋರಿ."

"ಏ, ಬ್ಯಾಡ್ರಿ. ಸ್ಟೀಲ್ ತಿಂದು ಹೆಂಗ ಬದುಕತೈತಿ ಅದು," ಎಂದ ಕಂಚಗಾರರು ಶಾಲಿನ ತೂತೊಂದರಲ್ಲಿ ಕಿರುಬೆರಳು ತೂರಿಸಿ ನೋಡಿದರು. "ಗಾಳಿ ಚೊಲೋ ಆಡತೈತಿ ಬಿಡ್ರಿ."

ಹೀಗೆ ಸಕಲಕೀಟಕುಲಜೇತಾರರಾದ ಕೀಟಮಿತ್ರ ಸಂಗನಬಸಪ್ಪ ತುರಮರಿಯವರು ಮರುದಿನ ಬೆಳಿಗ್ಗೆ ಸೀರೆಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಒಂದೊಂದನ್ನೇ ಕೊಡವುತ್ತಾ ನಿಂತರು. ಹೆಗಲ ಮೇಲೆ ಶಾಲು ಇತ್ತು.