ಎದೆಯ ಕಪ್ಪು ಮಚ್ಚೆಯೂ ನಮ್ಮ ಮುದುಕನ ಮೀಸೆಯೂ

ಆಗ ನನಗೆ ಎಪ್ಪತ್ತೊಂದು ವರ್ಷ. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿನಲ್ಲಿ ಹುಲ್ಲಿನ ಹೊರೆ ಎತ್ತುವಾಗ ಎದೆ ಹಿಡಿದುಕೊಂಡಿತು. ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ, ಅದೇನೋ ಅಣು ಔಷಧಿ ಚುಚ್ಚಿ ಹೃದಯದ ಚಿತ್ರ ತೆಗೆಯಬೇಕು ಎಂದರು. ಚಿತ್ರ ತೆಗೆಸಿಕೊಳ್ಳುವುದು ಯಾವ ಮಹಾ ಕೆಲಸ! ಮದುವೆಮನೆಯಲ್ಲಿ ಎಷ್ಟು ಸಲ ತೆಗೆಸಿಕೊಂಡಿಲ್ಲ? ಅಲ್ಲಾಡದೆ ಇದ್ದರಾಯಿತು.

ನಮ್ಮ ಮುದುಕ ಮುನಿಯಪ್ಪನನ್ನು ಕರೆದುಕೊಂಡು ಬಂಗಾರಪೇಟೆಯಲ್ಲಿ ರೈಲು ಹತ್ತಿದೆ. ಅವನಿಗೆ ಮೀಸೆ ಬಿಟ್ಟರೆ ಬೇರೆ ಆಸ್ತಿಯಿಲ್ಲ. ದಾರಿಯುದ್ದಕ್ಕೂ ಅದನ್ನೇ ತಿರುವುತ್ತಿದ್ದ.

ಕ್ಯಾಮೆರಾ ಕೋಣೆಯಲ್ಲಿದ್ದ ಹುಡುಗಿ ಸೆಲ್ವಿ. ನಮ್ಮ ಕಡೆಯ ಕೋರಮಂಡಲ್ ಊರಿನ ತಮಿಳಿನವಳು, ದಿನಾ ರೈಲಿನಲ್ಲೇ ಓಡಾಡುವವಳು. ಅಜ್ಜಿಗೆ ಪಾಟಿ ಅನ್ನುವವಳು.

"ಪಾಟಿ, ಮೈಮೇಲಿರೋ ಲೋಹ ಎಲ್ಲಾ ತೆಗೀರಿ. ಗೌನ್ ಹಾಕ್ಕೊಳ್ಳಿ."

ಓಲೆ, ಬಳೆ ಕೊಟ್ಟೆ. ತಾಳಿಯನ್ನೂ ಕೊಟ್ಟೆ, ಗಂಡ ಹೊರಗೆ ಗಟ್ಟಿಯಾಗಿ ಕೂತಿದ್ದಾನಲ್ಲ! ಕುಪ್ಪಸ ಮಾತ್ರ ಬಿಚ್ಚಲಿಲ್ಲ. ಮಾನ ಎಂದೆ. ಮಾನವೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಎಡಗಡೆ ನನ್ನ ಹಿತ್ತಾಳೆ ಸುಣ್ಣದ ಡಬ್ಬಿ ಇತ್ತು. ನಮ್ಮ ಕಡೆ ಹೆಂಗಸರ ಬೀರು ಕುಪ್ಪಸವೇ ತಾನೆ! ಮುದುಕನ ಕೈಗೆ ಕೊಟ್ಟರೆ ಬರಿ ಡಬ್ಬಿ ವಾಪಸು ಬರುತ್ತದೆ.

ಅಂಗಾತ ಮಲಗಿಸಿದರು. ಕ್ಯಾಮೆರಾ ಗಾಣದೆತ್ತಿನ ಹಾಗೆ ಎದೆಯ ಸುತ್ತ ತಿರುಗಿತು. ನಾನು ಕಲ್ಲಿನ ಹಾಗೆ ಮಲಗಿದ್ದೆ. ನನ್ನ ಸಹಕಾರವನ್ನು ನಾನೇ ಮೆಚ್ಚಿಕೊಂಡೆ.

ಡಾಕ್ಟರು ಚಿತ್ರ ನೋಡಿ ಮುದುಕನನ್ನು ಒಳಗೆ ಕರೆದರು. ಕೆಂಡದ ಬಳೆಯಂತಿದ್ದ ಹೃದಯದಲ್ಲಿ ಒಂದು ಕಡೆ ಕಪ್ಪು ಮಚ್ಚೆ!

"ಇಲ್ಲಿಗೆ ರಕ್ತ ಹೋಗದೆ ಇರಬಹುದು. ಅಥವಾ ಏನೋ ಅಡ್ಡ ಬಂದು ನೆರಳು ಬಿದ್ದಿರಬಹುದು. ಬೋರಲು ಮಲಗಿಸಿ ಇನ್ನೊಂದು ಚಿತ್ರ ತೆಗೆದು ಎರಡನ್ನೂ ಹೋಲಿಸೋಣ. ಮಚ್ಚೆ ಹೋದರೆ ನೆರಳು. ಉಳಿದರೆ ರೋಗ."

ಮುದುಕ ಅಲ್ಲೇ ಕೈ ಮುಗಿದ. "ಬಂಗಾರು ತಿರುಪತಿ ಸ್ವಾಮೀ, ಇವಳ ಎದೆ ಸರಿಯಾಗ್ಲಿ! ನನ್ ಮೀಸೆ ನಿಂಗೆ!"

ಅದುವರೆಗೆ ಹೆದರದವಳು ಆಗ ಹೆದರಿದೆ. ಈ ಮನುಷ್ಯ ಮೀಸೆ ಕೊಡುತ್ತಾನೆಂದರೆ ನಾನು ಸಾಯುವುದು ಖಂಡಿತ!

ಬೋರಲು ಮಲಗಿದೆ. ಡಬ್ಬಿ ಪಕ್ಕೆಲುಬಿಗೆ ಚುಚ್ಚಿತು. "ಅಯ್ಯಪ್ಪಾ!" ಎಂದು ಕಿರುಚಿದೆ.

"ಹಾರ್ಟ್ ನೋವಾ ಪಾಟಿ?" ಸೆಲ್ವಿ ಓಡಿ ಬಂದಳು.

"ಹಾರ್ಟಲ್ಲ ಕಣಮ್ಮ. ಸುಣ್ಣ."

ಕುಪ್ಪಸದಿಂದ ಡಬ್ಬಿ ತೆಗೆದುಕೊಟ್ಟೆ. ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೋರಲು ತೆಗೆದ ಚಿತ್ರದಲ್ಲಿ ಮಚ್ಚೆ ಇಲ್ಲ! ಮತ್ತೆ ಅಂಗಾತ ಮಲಗಿಸಿ ತೆಗೆದರು. ಆಗಲೂ ಇಲ್ಲ! ಎದೆ ಹಿಡಿದದ್ದು ಹೊರೆ ಎತ್ತಿ ನರ ಉಳುಕಿ ಎಂದರು ಡಾಕ್ಟರು.

"ಅಜ್ಜಿ, ನಾವು ಅಂಗಾತ, ಬೋರಲು ಎರಡನ್ನೇ ಹೋಲಿಸ್ತಿದ್ವಿ. ಡಬ್ಬಿ ಸಮೇತ ಅನ್ನೋ ವಿಧಾನ ನಿಮ್ಮದೇ!"

ನಾನು ಆ ಡಾಕ್ಟರಿಗೂ ಹುಡುಗಿಗೂ ಕೈ ಮುಗಿದೆ. ಒಂದೇ ಚಿತ್ರ ನಂಬಿ ಕೂತಿದ್ದರೆ ನನ್ನ ಸುಣ್ಣಕ್ಕೆ ಚಿಕಿತ್ಸೆ ನಡೆಯುತ್ತಿತ್ತು. ಸಂಜೆ ರೈಲಿನಲ್ಲಿ ಸೆಲ್ವಿಯೇ ಸೀಟು ಹಿಡಿದುಕೊಟ್ಟಳು. "ಇನ್ಮೇಲೆ ಡಬ್ಬಿ ಸೊಂಟದಲ್ಲಿ, ಸರಿನಾ ಪಾಟಿ?" ಎಂದು ಮಾತು ತೆಗೆದುಕೊಂಡಳು.

ಮುದುಕ ಮೀಸೆ ಹಿಡಿದುಕೊಂಡೇ ಕೂತಿದ್ದ.

"ಅಲ್ಲಮ್ಮೀ, ರೋಗಾನೇ ಇರ್ಲಿಲ್ಲ ಅಂದ್ರೆ ಹರಕೆನೂ ಇಲ್ಲ, ಅಲ್ವಾ?"

"ಎದೆ ಸರಿಯಾಗ್ಲಿ ಅಂದೆ ತಾನೆ? ಸರಿಯಾಗೈತೆ. ಬಾಯ್ಮುಚ್ಕೊಂಡು ಕೂತ್ಕೋ."

ಮಾರನೆಯ ಬೆಳಿಗ್ಗೆ ಹಸುವಿನ ಹಾಲು ಕರೆದಿಟ್ಟು, ಅವನನ್ನು ಮೊದಲ ಬಸ್ಸಿಗೆ ಹತ್ತಿಸಿ ಬಂಗಾರು ತಿರುಪತಿಗೆ ಕರೆದೊಯ್ದೆ. ತಪ್ಪು ನನ್ನದು, ಮೀಸೆ ಅವನದು. ಅದು ಬಿದ್ದ ಮೇಲೆ ಮುದುಕ ಸಿಪ್ಪೆ ಸುಲಿದ ಗೆಣಸಿನ ಹಾಗೆ ಕಂಡ. ನಗಬಾರದೆಂದು ಬೇಗ ಎಲೆ ಮಡಿಸಿ, ಸುಣ್ಣಕ್ಕೆ ಸೊಂಟಕ್ಕೆ ಕೈ ಹಾಕಿದೆ. ಡಬ್ಬಿ ಇಲ್ಲ.

ಮತ್ತೆ ಕುಪ್ಪಸದಲ್ಲೇ ಇತ್ತು!