ಬೆಕ್ಕಿಗೆ ದಾರಿ ತಪ್ಪಿಸಿದ್ದು

ಗಿರಣಿಗೆ ಕಳಿಸಲೆಂದು ಜೋಳದ ಚೀಲದ ಬಾಯಿ ಬಿಚ್ಚಿದ ನನ್ನ ಹೆಂಡತಿ ಶರಣವ್ವ, ನಾನು ಓದುತ್ತಿದ್ದ ಪೇಪರಿನ ಮೇಲೆ ಒಂದು ಹಿಡಿ ತಂದು ಸುರಿದಳು. ಅರ್ಧ ಜೋಳ, ಅರ್ಧ ಇಲಿಯ ಹಿಕ್ಕೆ. ಅದು ಊರಿಂದ ಬಂದ ಬಿಳಿಜೋಳ. ರೇಷನ್ ಅಂಗಡಿಯ ಕೆಂಪು ಜೋಳವನ್ನು ಮುಟ್ಟಲೂ ಒಪ್ಪದ ಅವಳಿಗೆ ಮುಂದಿನ ಸುಗ್ಗಿಯವರೆಗೆ ಅದೇ ಆಧಾರ.

“ಚೀಲ ಖಾಲಿ ಆದ ದಿನ ನಾ ಊರಿಗೆ ಹೊಕ್ಕೀನಿ. ನೀವು ಇಲಿ ಜೋಡಿ ಸಂಸಾರ ಮಾಡ್ರಿ,” ಎಂದಳು.

ಬೆಕ್ಕು ತರುತ್ತೇನೆಂದು ಘೋಷಿಸಿದೆ. ಅದೂ ಮರಿಯಲ್ಲ! ಮರಿಗೆ ಹಾಲೆರೆದು ಬೆಳೆಸುವಷ್ಟರಲ್ಲಿ ಇಲಿಗಳು ಮೊಮ್ಮಕ್ಕಳನ್ನು ಕಂಡಿರುತ್ತವೆ. ಅನುಭವಸ್ಥ ಬೆಕ್ಕು ಬೇಕು. ಬಂದ ದಿನವೇ ಡ್ಯೂಟಿಗೆ ಹಾಜರು.

ಭಾನುವಾರ ಮುಂಬಯಿಯ ಬೈಕಲಾದ ಪ್ರಾಣಿ ಆಶ್ರಮವೊಂದಕ್ಕೆ ಹೋದೆ. ಯಾರೋ ಸಾಕಿ ಕೈಬಿಟ್ಟ ಬೆಕ್ಕುಗಳ ನಡುವೆ ಕಿವಿ ಹರಿದ ಬೂದು ಬಣ್ಣದವಳೊಬ್ಬಳು ನಮ್ಮ ಆಫೀಸಿನ ದೊಡ್ಡ ಸಾಹೇಬರಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇವಳೇ ಎಂದೆ. ಆಶ್ರಮ ನೋಡಿಕೊಳ್ಳುವ ಹೆಂಗಸು ಬುಟ್ಟಿ ಕೊಡಲು ಬಂದರು. ಬೇಡವೆಂದು ಗೋಣಿಚೀಲ ತೆಗೆದೆ. ನಮ್ಮ ವಿಜಾಪುರದ ಕಡೆ ಬೆಕ್ಕು ತರುವ ಕ್ರಮವೇ ಬೇರೆ. ಅದರ ಕಣ್ಣಿಗೆ ದಾರಿ ಬೀಳದಂತೆ ಚೀಲದಲ್ಲಿ ಹಾಕಿ, ಸುತ್ತಿಸಿ ತರಬೇಕು. ಇಲ್ಲವಾದರೆ ಹಳೆಯ ಮನೆಗೆ ವಾಪಸು ಹೋಗುತ್ತದೆ.

ಊರಲ್ಲಾದರೆ ಎರಡು ಓಣಿ ಸುತ್ತಿದರೆ ಸಾಕು. ಮುಂಬಯಿಯ ಬೆಕ್ಕಿಗೆ ಮುಂಬಯಿಯ ಸುತ್ತೇ ಬೇಕಲ್ಲ! ಬೈಕಲಾದಿಂದ ನಮ್ಮ ಮನೆಯಿರುವ ಸಯನ್‌ಗೆ ನೇರ ಲೋಕಲ್ ಟ್ರೇನ್ ಇದ್ದರೂ ಹಿಂದಕ್ಕೆ ವಿ.ಟಿ. ಸ್ಟೇಶನ್ನಿಗೆ ಹೋದೆ. ಅಲ್ಲಿಂದ ಹಾರ್ಬರ್ ಲೈನಿನಲ್ಲಿ ವಡಾಲ ದಾಟಿ ಕುರ್ಲಾ. ಕುರ್ಲಾದಿಂದ ಮತ್ತೆ ಹಿಂದಕ್ಕೆ ಸಯನ್. ಚೀಲ ದಾರಿಯುದ್ದಕ್ಕೂ ಬೈಯುತ್ತಲೇ ಇತ್ತು. ಲೋಕಲ್‌ನಲ್ಲಿ ಜನ ನನಗೆ ಅಷ್ಟು ಜಾಗ ಬಿಟ್ಟದ್ದು ಅದೇ ಮೊದಲು. ಇನ್ನೊಂದು ಸುತ್ತು ಹಾಕಿದ್ದರೆ ನಾನೇ ಮನೆ ಮರೆಯುತ್ತಿದ್ದೆ.

ನಾವು ಸಯನ್‌ನ ಆ ಬಿಲ್ಡಿಂಗಿಗೆ ಹೊಸದಾಗಿ ಬಂದವರು. ಮನೆಯೊಳಗೆ ಚೀಲ ಬಿಚ್ಚಿದೆ. ಬೆಕ್ಕು ಹೊರಬಂದು ಮೈಮುರಿಯಿತು. ಜೋಳದ ಕಡೆ ಕಣ್ಣೆತ್ತಲಿಲ್ಲ. ನೆಟ್ಟಗೆ ಬಾಗಿಲು ದಾಟಿ, ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ನಡೆದು, ಪಕ್ಕದ ಮನೆಯ ಹೊಸ್ತಿಲಲ್ಲಿ ಕುಳಿತು ಕೂಗಿತು. ಅದು ನಮ್ಮ ಕಡೆಯವನೇ ಆದ ಇಮಾಮಸಾಬನ ಮನೆ. ಮನೆಯಲ್ಲೇ ಶೇರವಾನಿ ಹೊಲಿಯುವ ದರ್ಜಿ. ಅವನ ಹೆಂಡತಿ ಹಲೀಮಾ ಒಲೆ ಬಿಟ್ಟು ಓಡಿ ಬಂದಳು.

“ಚಾಂದನೀ, ಎಲ್ಲಿ ಹೋಗಿದ್ದೆವ್ವಾ ನನ್ನ ತಾಯಿ?”

ಬೆಕ್ಕು ಓಡಿಹೋಯಿತೆಂದು ಗಂಡ ಹೇಳಿದ್ದನಂತೆ. ಅಂದಿನಿಂದ ಅವಳು ಸರಿಯಾಗಿ ಉಂಡಿರಲಿಲ್ಲವಂತೆ. ಗ್ಯಾಲರಿ ತುಂಬ ಜನ ಸೇರಿದರು. ಕಳೆದ ಬೆಕ್ಕನ್ನು ಹುಡುಕಿ ತಂದ ಪುಣ್ಯಾತ್ಮನೆಂದು ನನ್ನನ್ನು ಹೊಗಳಿದರು. ನಾನು ತಡೆಯಲಿಲ್ಲ. ಎದೆ ಉಬ್ಬಿತು, ಬಾಯಿ ಅದಕ್ಕಿಂತ ಮುಂದೆ ಓಡಿತು.

“ಓಡಿ ಹೋಗಿದ್ದಲ್ಲ ತಂಗೀ. ಆಶ್ರಮದಾಗ ಹೇಳಿದ್ರು. ಕೊರಳಾಗ ಅಳತಿ ಟೇಪ್ ಹಾಕ್ಕೊಂಡಾಂವ ಯಾವನೋ, ಬಟ್ಟಿ ಮ್ಯಾಲೆ ಕೂದಲಾ ಉದುರಸ್ತದ ಅಂತ ಬಿಟ್ಟು ಹೋದ್ನಂತ.”

ಬಾಗಿಲಲ್ಲಿ ನಿಂತಿದ್ದ ಇಮಾಮಸಾಬ ಕೊರಳ ಟೇಪನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ತಡವಾಗಿತ್ತು. ಹಲೀಮಾ ಅವನಿಗಾಗಿ ಹುರಿದಿದ್ದ ಒಣ ಬೊಂಬಿಲ್ ಮೀನನ್ನು ತಂದು ಬೆಕ್ಕಿನ ಮುಂದಿಟ್ಟಳು. ನಾನು ಹಾಲುರೊಟ್ಟಿಯ ತಟ್ಟೆ ಹಿಡಿದು ಕರೆದೆ. ಬೆಕ್ಕು ನನಗೆ ಬೆನ್ನು ತಿರುಗಿಸಿತು.

“ದಾರಿ ಮರೀಲಿ ಅಂತ ಮುಂಬಯಿ ತುಂಬ ತಿರುಗಿಸಿ, ಅದರ ಮನೀಗೇ ತಂದು ಬಿಟ್ರಿ,” ಎಂದಳು ಶರಣವ್ವ. “ಇನ್ನ ನನ್ನ ಜ್ವಾಳದ್ದೇನ್ರೀ?”

ಹಾಗೆನ್ನುತ್ತಲೇ ಹಲೀಮಾಳ ಜೊತೆ ಮಾತಾಡಿ ಒಪ್ಪಂದ ಮುಗಿಸಿದಳು. ಬೆಕ್ಕು ಜೋಳದ ಹತ್ತಿರ ಬಾರದಿದ್ದರೆ ಜೋಳವೇ ಬೆಕ್ಕಿನ ಹತ್ತಿರ ಹೋಗಲಿ! ಚೀಲವನ್ನು ಆಚೆ ಮನೆಗೆ ಹೊತ್ತವರು ನಾನು ಮತ್ತು ಇಮಾಮಸಾಬ. ಇಬ್ಬರೂ ತಲೆ ತಗ್ಗಿಸಿದ್ದೆವು. ಭಾರಕ್ಕೆ ಎಂದು ನೋಡಿದವರು ತಿಳಿದುಕೊಂಡಿರಬೇಕು.

ಈಗ ಜೋಳ ಬೇಕಾದಾಗಲೆಲ್ಲ ನಾನು ಡಬ್ಬಿ ಹಿಡಿದು ಅವರ ಬಾಗಿಲು ತಟ್ಟುತ್ತೇನೆ. ಚಾಂದನಿ ಚೀಲದ ಮೇಲಿಂದ ಏಳುವವರೆಗೆ ನಿಂತು ಕಾಯುತ್ತೇನೆ.